ಯಡಿಯೂರಿನ ಬೈರಣ್ಣ ಕೈ ಎತ್ತಿದ್ದು

ಯಡಿಯೂರಿನ ಚಿಕ್ಕಬೈರಪ್ಪನ ಮಗ ಬೈರಣ್ಣ ಮಿಲಿಟರಿಗೆ ಸೇರುತ್ತಾನೆಂಬ ಸುದ್ದಿ ಊರಿಗೆಲ್ಲ ಗೊತ್ತಾದ ಮೇಲೆ ಕಟ್ಟಕಡೆಗೆ ಗೊತ್ತಾದದ್ದು ಬೈರಣ್ಣನಿಗೆ.

ಆಗ ಅವನಿಗೆ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಅದಕ್ಕೆ ಯಾವ ತೊಂದರೆಯನ್ನೂ ಕೊಡದೆ ಎದ್ದು ಬಂದಿದ್ದ. ಅಪ್ಪನಿಗೆ ಕೆರೆಯ ಕೆಳಗೆ ಸೊಪ್ಪಿನ ತೋಟ. ದಿನಾ ಬೆಳಗ್ಗೆ ಜಯನಗರದ ಹೊಸ ಮನೆಗಳಿಗೆ ಸೊಪ್ಪು ಮುಟ್ಟಿಸುವುದು ಬೈರಣ್ಣನ ಕೆಲಸ. ಮೆಂತ್ಯ ಕೇಳಿದವರಿಗೆ ದಂಟು, ದಂಟು ಕೇಳಿದವರಿಗೆ ಸಬ್ಬಸಿಗೆ ಕೊಟ್ಟು, ಅವರು ಕೂಗಾಡಿದರೆ "ಎಲ್ಲಾ ಹಸ್ರೇ ಅಲ್ವಾ ಅಮ್ಮ, ಬೆಂದ್ರೆ ಒಂದೇ" ಎಂದು ಸಮಾಧಾನ ಹೇಳಿ ಬರುತ್ತಿದ್ದ. ಚಿಕ್ಕಬೈರಪ್ಪ ಮಗನ ವಿಷಯ ಮಾತಾಡುವುದನ್ನೇ ಬಿಟ್ಟಿದ್ದ. ಯಾರಾದರೂ "ಮಗ ಏನ್ ಮಾಡ್ತವ್ನೆ?" ಎಂದು ಕೇಳಿದರೆ "ಉಣ್ತವ್ನೆ" ಎಂದು ಒಂದೇ ಮಾತಿನಲ್ಲಿ ಮುಗಿಸಿ ಪಾತಿಗೆ ನೀರು ತಿರುಗಿಸುತ್ತಿದ್ದ.

ಅದು ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರ್. ಗಡಿಯಲ್ಲಿ ಚೀನಾದವರ ಜೊತೆ ಯುದ್ಧ. ಯಡಿಯೂರಿನಲ್ಲಿ ಅದುವರೆಗೆ ಗಡಿಯೆಂದರೆ ಒಬ್ಬರ ಬದು ಇನ್ನೊಬ್ಬರು ಕಡಿಯುವುದು ಎಂದಿದ್ದುದು ಈಗ ಹಿಮಾಲಯದವರೆಗೆ ಹಿಗ್ಗಿತ್ತು. ಒಂದು ಶನಿವಾರ ಸಂಜೆ ಆಂಜನೇಯನ ಗುಡಿಯ ಮುಂದೆ ಸಭೆ ಸೇರಿತು. ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರು ಜಯದೇವಪ್ಪನವರ ಅಧ್ಯಕ್ಷತೆ. ಭಾಷಣಕ್ಕೆ ರಿಟೈರ್ಡ್ ಹವಾಲ್ದಾರ್ ಮರುಳಸಿದ್ದಪ್ಪ. ಸಭೆಯ ಕೊನೆಗೆ ಕಡಲೆಕಾಳಿನ ಉಸಲಿ ಎಂದು ಡಂಗುರದವನು ಸಾರಿದ್ದ. ಬೈರಣ್ಣ ಸಭೆಗೆ ಹೋದದ್ದು ಆ ಕೊನೆಯ ವಾಕ್ಯದ ಬಲದ ಮೇಲೆ.

ದುರ್ದೈವದಿಂದ ಉಸಲಿ ಹಂಚುವವನು ಭಾಷಣ ಮುಗಿಯುವ ಮುಂಚೆಯೇ ಹೊರಟ. ಮುತ್ತುಗದ ಎಲೆಯ ದೊನ್ನೆ ಬೈರಣ್ಣನ ಎಡಗಡೆಯವನಿಗೆ ಬಂತು, ಬಲಗಡೆಯವನಿಗೆ ಬಂತು, ಹಿಂದಿನ ಸಾಲಿಗೂ ಹೋಯಿತು. ಬೈರಣ್ಣನನ್ನು ಮಾತ್ರ ದಾಟಿಹೋಯಿತು. ಒಗ್ಗರಣೆಯ ವಾಸನೆ ಮೂಗಿಗೆ ಹೊಡೆಯುತ್ತಿದೆ, ದೊನ್ನೆ ದೂರವಾಗುತ್ತಿದೆ. ವೇದಿಕೆಯ ಮೇಲೆ ಹವಾಲ್ದಾರರು ಮೇಜು ಗುದ್ದಿ ಏನೋ ಕೂಗುತ್ತಿದ್ದರು. ಬೈರಣ್ಣನ ಕಿವಿ ಆ ಹೊತ್ತಿಗೆ ಕೆಲಸ ನಿಲ್ಲಿಸಿತ್ತು. ಕೆಲಸ ಮಾಡುತ್ತಿದ್ದುದು ಹೊಟ್ಟೆ ಒಂದೇ.

"ದೇಶ ಕರೀತಾ ಇದೆ! ಈ ಯಡಿಯೂರಲ್ಲಿ ಗಂಡಸು ಅನ್ನೋನು ಒಬ್ಬನೂ ಇಲ್ವಾ?" ಎಂದು ಹವಾಲ್ದಾರರು ಗರ್ಜಿಸಿ ನಿಲ್ಲಿಸಿದರು. ಸಭೆ ಗಪ್‌ಚಿಪ್ಪಾಯಿತು.

ಸರಿಯಾಗಿ ಆ ಗಳಿಗೆಗೆ ಬೈರಣ್ಣ ಎದ್ದು ನಿಂತು, ಬಲಗೈಯನ್ನು ಕಂಕುಳು ಹರಿಯುವಂತೆ ಮೇಲೆತ್ತಿ, "ಇಲ್ಲಿ! ಇಲ್ಲಿದ್ದೀನಿ ನಾನು! ಆಗ್ಲಿಂದ ಕಾಯ್ತಾ ಇದ್ದೀನಿ!" ಎಂದು ಕೂಗಿದ.

ಆಮೇಲೆ ಬಿದ್ದ ಚಪ್ಪಾಳೆಗೆ ಗುಡಿಯ ಗೋಪುರದ ಪಾರಿವಾಳಗಳೆಲ್ಲ ಎದ್ದು ಬಸವನಗುಡಿಯ ಕಡೆಗೆ ಹಾರಿಹೋದವು. ಹವಾಲ್ದಾರರು ವೇದಿಕೆಯಿಂದ ಜಿಗಿದು ಬಂದು ಬೈರಣ್ಣನನ್ನು ತಬ್ಬಿಕೊಂಡರು. ಜಯದೇವಪ್ಪನವರು ತಮಗೆ ಹಾಕಿದ್ದ ಹಾರವನ್ನು ತೆಗೆದು ಅವನಿಗೆ ಹಾಕಿದರು. "ಈ ಬಾಲಕನ ಕಿವಿಯನ್ನು ನಾನು ಎಂಟು ವರ್ಷ ಹಿಂಡಿದ್ದೇನೆ. ಅದು ವ್ಯರ್ಥವಾಗಲಿಲ್ಲ!" ಎಂದು ಗದ್ಗದರಾದರು. ಹಾರದೊಳಗಿಂದ ಬೈರಣ್ಣ, "ಸಾರ್, ನಂಗೆ ಉಸಲಿ..." ಎಂದ. "ಕೇಳಿದಿರಾ! ಇಂಥಾ ಹೊತ್ತಿನಲ್ಲೂ ಹಾಸ್ಯ! ವೀರರ ಲಕ್ಷಣವೇ ಇದು!" ಎಂದು ಹೆಡ್‌ಮಾಸ್ಟರು ಸಭೆಗೆ ವಿವರಿಸಿದರು. ಮತ್ತೆ ಚಪ್ಪಾಳೆ. ಉಸಲಿ ಮಾತ್ರ ಅಷ್ಟರಲ್ಲಿ ಖಾಲಿಯಾಗಿತ್ತು.

ಬೈರಣ್ಣ ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಅವ್ವ ಮರಿಯಮ್ಮ ಹೊಸ್ತಿಲಲ್ಲಿ ಕೂತು ಅಳುತ್ತಿದ್ದಳು. ಪಕ್ಕದ ಮನೆಯ ನಾರಾಯಣಮ್ಮ ಸಮಾಧಾನ ಮಾಡಲು ಬಂದವಳು ಅವಳಿಗಿಂತ ಜೋರಾಗಿ ಅಳುತ್ತಿದ್ದಳು. ಬೈರಣ್ಣ ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅವ್ವ, ಅಳಬ್ಯಾಡ. ನಾನು ಕೈ ಎತ್ತಿದ್ದು ಮಿಲಿಟರಿಗಲ್ಲ ಕಣವ್ವ. ಉಸಲಿಗೆ."

ಮರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. ಮತ್ತೆ ಅಳು ಉಕ್ಕಿ ಬಂತು. "ನೋಡಿದ್ಯಾ ನಾರಾಯಣಮ್ಮ? ನಾನು ಅತ್ತೇನು ಅಂತ ಎಂಗೆ ತಮಾಸೆ ಮಾಡ್ತವ್ನೆ ನೋಡು! ಈ ಮಗೀಗೆ ಇಷ್ಟು ಕರುಳೈತೆ ಅಂತ ನಂಗೇ ಗೊತ್ತಿರ್ಲಿಲ್ಲ!"

"ದಿಟ ಕಣವ್ವ, ಉಸಲಿಗೇ!"

"ಪಾಪ, ಉಸಲಿ ಅಂದ್ರೆ ಇವನಿಗೆ ಪ್ರಾಣ ಅಂತ ಕಾಣ್ತದೆ," ಎಂದಳು ನಾರಾಯಣಮ್ಮ ಮೂಗು ಸೊರಗುಟ್ಟುತ್ತಾ. "ಗಡಿ ಮ್ಯಾಲೆ ಯಾರು ಮಾಡಿಕ್ತಾರೆ? ಇರೋಗಂಟ ತಿನ್ಲಿ ಬಿಡು."

ಮಾರನೆಯ ದಿನದಿಂದ ಯಡಿಯೂರಿನ ಮನೆಮನೆಯಿಂದ ಚಿಕ್ಕಬೈರಪ್ಪನ ಮನೆಗೆ ಉಸಲಿ ಬರತೊಡಗಿತು. ಕಡಲೆಕಾಳಿನದು, ಹೆಸರುಕಾಳಿನದು, ಅವರೆಕಾಳಿನದು. ಮೂರನೆಯ ದಿನಕ್ಕೆ ಬೈರಣ್ಣನಿಗೆ ಕಾಳು ಕಂಡರೆ ಭಯ ಹುಟ್ಟಿತು. ಚೀನಾದವರ ಭಯ ಅದಕ್ಕಿಂತ ಕಮ್ಮಿ.

ಸಭೆ ನಡೆದ ರಾತ್ರಿ ಅವನು ಕಾದಿದ್ದುದು ಅಪ್ಪನ ಬೈಗುಳಕ್ಕೆ. ಚಿಕ್ಕಬೈರಪ್ಪ ತೋಟದಿಂದ ಬಂದ, ಕೈಕಾಲು ತೊಳೆದ, ಜಗಲಿಯ ಮೇಲೆ ಕೂತ. ಬೀಡಿ ಹಚ್ಚಿದ. ಆಮೇಲೆ ಜಗಲಿಯ ಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಹೆಗಲವಸ್ತ್ರದಿಂದ ಒರೆಸಿ, "ಬಾರ್ಲಾ, ಇಲ್ಲಿ ಕುಂತ್ಕೊ," ಎಂದ.

ಇಪ್ಪತ್ತು ವರ್ಷದಲ್ಲಿ ಅಪ್ಪ ಅವನಿಗೆ ಜಗಲಿಯ ಮೇಲೆ ಜಾಗ ಬಿಟ್ಟದ್ದು ಅದೇ ಮೊದಲು. ಬೈರಣ್ಣ ಬಾಯಿ ತೆರೆದ. ಉಸಲಿಯ ವಿಷಯ ನಾಲಗೆಯ ತುದಿಯವರೆಗೆ ಬಂದು, ಅಪ್ಪನ ಮುಖ ನೋಡಿ, ಬಂದ ದಾರಿಯಲ್ಲೇ ವಾಪಸು ಹೋಯಿತು.

ಆಮೇಲೆ ನಡೆದದ್ದಕ್ಕೆಲ್ಲ ಬೈರಣ್ಣ ಜವಾಬ್ದಾರನಲ್ಲ. ಕ್ಷೌರದಂಗಡಿಯವನು ಕರೆಸಿ ಕೂರಿಸಿ, "ಮಿಲಿಟರಿ ಕಟ್ಟಿಂಗು, ನನ್ನ ಸೇವೆ" ಎಂದು, ಬೈರಣ್ಣ ಮೂರು ವರ್ಷದಿಂದ ಎಣ್ಣೆ ಹಾಕಿ ಬೆಳೆಸಿದ್ದ ಕ್ರಾಪನ್ನು ಮೂರು ನಿಮಿಷದಲ್ಲಿ ಇಳಿಸಿಬಿಟ್ಟ. ಜಯನಗರದ ಮೂರನೇ ಬ್ಲಾಕಿನ ಗಿರಿಜಾದೇವಿಯವರು, ವಾರಕ್ಕೆ ಮೂರು ಸಲ "ಕೋತಿ, ಇದು ಮೆಂತ್ಯಾನಾ?" ಎಂದು ಕೂಗುತ್ತಿದ್ದವರು, ಈಗ ದಂಟು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಂಡು, "ಇರ್ಲಿ ಬಿಡಪ್ಪ, ನಿನ್ನ ಮನಸ್ಸೆಲ್ಲ ಗಡೀಲಿರುತ್ತೆ," ಎನ್ನತೊಡಗಿದರು. ಹವಾಲ್ದಾರ್ ಮರುಳಸಿದ್ದಪ್ಪನವರಂತೂ ಬೆಳಗಿನ ಐದಕ್ಕೆ ಬಂದು ಬಾಗಿಲು ಬಡಿದು, "ಲೆಫ್ಟ್ ರೈಟ್! ಎದ್ದೇಳೋ ಜವಾನ್!" ಎಂದು ಕೆರೆಯ ಸುತ್ತ ಓಡಿಸುತ್ತಿದ್ದರು. ತಾವು ಮಾತ್ರ ಕೆರೆ ಏರಿಯ ಮೇಲೆ ಕಂಬಳಿ ಹೊದ್ದು ಕೂತು ಎಣಿಸುತ್ತಿದ್ದರು. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ.

ಅವರಿಗೂ ಒಂದು ದಿನ ಬೈರಣ್ಣ ಏದುಸಿರು ಬಿಡುತ್ತಾ ನಿಜ ಹೇಳಿದ. "ಹವಾಲ್ದಾರ್ ಸಾರ್, ನಂಗೆ ಮಿಲಿಟರಿ ಬ್ಯಾಡ ಸಾರ್. ಅವತ್ತು ಏನೋ ಆಗೋಯ್ತು."

ಹವಾಲ್ದಾರರು ಅವನ ಬೆನ್ನು ತಟ್ಟಿದರು. "ನಾನೂ ಹೊರಡೋ ಮುಂಚೆ ಹಿಂಗೇ ಅಂದಿದ್ದೆ. ಬೇಡ ಅನ್ನೋನೇ ಚೆನ್ನಾಗಿ ನಿಲ್ಲೋದು. ಇನ್ನೆರಡು ಸುತ್ತು ಹೊಡಿ!"

ಇಷ್ಟಾದ ಮೇಲೆ ಬೈರಣ್ಣನಿಗೆ ಒಂದೇ ದಾರಿ ಉಳಿಯಿತು. ಭರ್ತಿಗೆ ಹೋಗುವುದು, ಅಲ್ಲಿ ಡಾಕ್ಟರ ಪರೀಕ್ಷೆಯಲ್ಲಿ ಫೇಲಾಗುವುದು. ಪರೀಕ್ಷೆಯಲ್ಲಿ ಫೇಲಾಗುವ ವಿದ್ಯೆಯಲ್ಲಿ ಅವನಿಗೆ ಅನುಭವವಿತ್ತು. ತಾನೇ ಬೇಡವೆಂದರೆ ಅವಮಾನ. ಸರ್ಕಾರವೇ ಬೇಡವೆಂದರೆ ಯಾರೇನು ಮಾಡುತ್ತಾರೆ?

ಭರ್ತಿಯ ದಿನ ದಂಡಿನ ಮೈದಾನದಲ್ಲಿ ನೂರಾರು ಹುಡುಗರು. ಚಡ್ಡಿಯಲ್ಲಿ ಸಾಲು ನಿಂತು ಬೈರಣ್ಣ ಮನಸ್ಸಿನಲ್ಲೇ ಯೋಜನೆ ಹಾಕಿದ. ಕಣ್ಣು, ಕಿವಿ, ಎದೆ, ಈ ಮೂರರಲ್ಲಿ ಯಾವುದಾದರೂ ಒಂದು ಕೈ ಹಿಡಿಯಬೇಕು. ದಪ್ಪ ಮೀಸೆಯ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದರು.

"ಓದು."

"ಕಾಣ್ಸಲ್ಲ ಸಾರ್."

"ಯಾವುದು ಕಾಣಲ್ಲ?"

"ಆ ಕೆಳಗಡೆ ಸಾಲ್ನಾಗೆ, ಬಲಗಡೆ ತುದೀಲಿ, ಸಣ್ಣ 'ಎಫ್' ಐತಲ್ಲ ಸಾರ್, ಅದು."

ಡಾಕ್ಟರು ಕಾಗದದ ಮೇಲೆ ಕಣ್ಣು ಪಾಸು ಎಂದು ಬರೆದುಕೊಂಡರು. ಬೈರಣ್ಣ ತುಟಿ ಕಚ್ಚಿಕೊಂಡ. ಕಿವಿಯ ಪರೀಕ್ಷೆಗೆ ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಏನು ಕೇಳಿದರೂ ಕಲ್ಲಿನ ಹಾಗೆ ನಿಲ್ಲುತ್ತೇನೆಂದು ಅವನು ಹಲ್ಲು ಕಚ್ಚಿ ನಿಂತ. ಹತ್ತು ಅಡಿ ದೂರದಿಂದ ಡಾಕ್ಟರು ಪಿಸುಗುಟ್ಟಿದರು: "ತಿಂಡಿ ಆಯ್ತಾ?"

"ಇನ್ನೂ ಎಲ್ಲಿ ಸಾರ್!" ಎಂದಿತು ಬೈರಣ್ಣನ ಬಾಯಿ, ಅವನನ್ನು ಕೇಳದೆ.

ಉಳಿದದ್ದು ಎದೆ. ಇಲ್ಲಿ ಅವನು ಮೋಸಹೋಗಲಿಲ್ಲ. "ಉಸಿರೆಳಿ," ಎಂದಾಗ ಮುಖವನ್ನೆಲ್ಲ ಉಬ್ಬಿಸಿ ಕೆಂಪಗೆ ಮಾಡಿಕೊಂಡು, ಎದೆಗೆ ಮಾತ್ರ ಒಂದು ತೊಟ್ಟು ಗಾಳಿಯನ್ನೂ ಬಿಡಲಿಲ್ಲ. ಟೇಪು ಹಿಡಿದಿದ್ದ ಡಾಕ್ಟರು ತಲೆಯಾಡಿಸಿದರು. "ಒಂದಿಂಚು ಕಮ್ಮಿ. ಪಾಪ, ಗಟ್ಟಿ ಹುಡುಗ. ಹೋಗಪ್ಪ ಮನೆಗೆ. ಚೆನ್ನಾಗಿ ಉಂಡು ಆರು ತಿಂಗಳು ಬಿಟ್ಕೊಂಡು ಬಾ."

ಬೈರಣ್ಣ ಬಟ್ಟೆ ಹಾಕಿಕೊಂಡು ಹೊರಗೆ ಬಂದಾಗ ನೆಲದ ಮೇಲೆ ಅವನ ಕಾಲು ನಿಲ್ಲುತ್ತಿರಲಿಲ್ಲ. ಬದುಕಿನಲ್ಲಿ ಮೊದಲನೆಯ ಸಲ ತಾನಂದುಕೊಂಡ ಕೆಲಸ ತಾನಂದುಕೊಂಡಂತೆ ಆಗಿತ್ತು. ಗೇಟಿನ ಹತ್ತಿರ ಬಂದವನು ಗಕ್ಕನೆ ನಿಂತ.

ಗೇಟಿನ ಆಚೆ, ಹೊಂಗೆಮರದ ಕೆಳಗೆ, ಅಪ್ಪ ನಿಂತಿದ್ದ. ಕೆಲಸದ ದಿನ ತೋಟ ಬಿಟ್ಟು ಕದಲದ ಚಿಕ್ಕಬೈರಪ್ಪ, ತನ್ನ ಮದುವೆಯ ಕರಿ ಕೋಟನ್ನು ತೊಟ್ಟು, ಪೇಟ ಸುತ್ತಿಕೊಂಡು ನಿಂತಿದ್ದ. ಕೋಟು ಕಿರಿದಾಗಿ ಕೈಯೆರಡೂ ಗೊಂಬೆಯ ಕೈಯ ಹಾಗೆ ಹೊರಕ್ಕೆ ಸೆಟೆದಿದ್ದವು. ಬರುತ್ತೇನೆಂದು ಮನೆಯಲ್ಲಿ ಹೇಳಿರಲಿಲ್ಲ. ಪಕ್ಕದಲ್ಲಿ ಬೇರೆ ಯಾವನೋ ಹುಡುಗನ ಅಪ್ಪ, ಕನಕಪುರದ ಕಡೆಯವನು. ಬೈರಣ್ಣ ಗೇಟಿನ ಕಂಬದ ಹಿಂದೆ ಸರಿದ.

"ನಮ್ಮುಡುಗ," ಎನ್ನುತ್ತಿದ್ದ ಚಿಕ್ಕಬೈರಪ್ಪ, "ಯಾರೂ ಏಳ್ಲಿಲ್ಲ, ಕೇಳ್ಲಿಲ್ಲ. ಇಡೀ ಸಭೆ ತಲೆ ತಗ್ಗಿಸ್ಕೊಂಡ್ ಕುಂತಿತ್ತು. ಇವನೊಬ್ನೇ ಎದ್ದು ಕೈ ಎತ್ತಿದ. ಆಗ್ಲಿಂದ ಕಾಯ್ತಾ ಇದ್ದೀನಿ ಅಂದ ಅಂತೀನಿ!"

"ಎದೆಗಾರ ಬಿಡಣ್ಣ," ಎಂದ ಕನಕಪುರದವನು. "ಒಂದ್ ಪಕ್ಷ ಇಲ್ಲಿ ಆಗಲ್ಲ ಅಂದ್ಬುಟ್ರೆ?"

ಚಿಕ್ಕಬೈರಪ್ಪ ಪೇಟ ಸರಿಮಾಡಿಕೊಂಡ. "ಅಂದ್ರೆ ಅನ್ಲಿ. ಇವರೇನು ಅಳೆಯೋದು? ಅವನು ಕೈ ಎತ್ತಿದ್ನಲ್ಲ, ನಂಗೆ ಅಷ್ಟೇ ಸಾಕು. ಮನೀಗೆ ಕರ್ಕೊಂಡೋಗಿ, ಅವ್ರವ್ವಂಗೆ ಏಳಿ ಕೋಳಿ ಕುಯ್ಸಿ ಊಟ ಆಕ್ಸ್ತೀನಿ."

ಕಂಬದ ಹಿಂದೆ ಬೈರಣ್ಣ ನಿಂತೇ ಇದ್ದ. ಕೋಳಿಯೆಂದ ಕೂಡಲೇ ಅವನ ಹೊಟ್ಟೆ ಏನಾದರೊಂದು ಹೇಳುವುದು ವಾಡಿಕೆ. ಅವತ್ತು ಅದೂ ಸುಮ್ಮನಿತ್ತು. ಸಭೆಯಲ್ಲಿ ಬಿದ್ದ ಚಪ್ಪಾಳೆಯನ್ನು ಅವನು ಹೇಗೋ ಸಹಿಸಿದ್ದ, ಊರಿನ ಉಸಲಿಯನ್ನೂ ಜೀರ್ಣಿಸಿಕೊಂಡಿದ್ದ. ಅಪ್ಪನ ಈ ಮಾತು ಮಾತ್ರ ಎಲ್ಲಿಯೋ ಸಿಕ್ಕಿಕೊಂಡು ಇಳಿಯಲೇ ಇಲ್ಲ.

ಅವನು ತಿರುಗಿ ಒಳಕ್ಕೆ ಓಡಿದ. ಸಾಲನ್ನು ಸೀಳಿಕೊಂಡು, "ಏಯ್, ಏಯ್" ಎಂದ ಸಿಪಾಯಿಯ ಕಂಕುಳಲ್ಲಿ ನುಸುಳಿ, ಡಾಕ್ಟರ ಮುಂದೆ ಹೋಗಿ ನಿಂತ.

"ಮತ್ತೆ ಬಂದ್ಯಾ? ಆರು ತಿಂಗಳು ಅಂದ್ರೆ ಆರು ನಿಮಿಷ ಅಲ್ಲಪ್ಪ."

"ಸಾರ್, ಇನ್ನೊಂದ್ಸಲ ಅಳೀರಿ. ಆಗ ನಾನು ಉಸಿರೇ ಎಳ್ಕೊಂಡಿರ್ಲಿಲ್ಲ. ಬೇಕೂಂತ್ಲೇ."

"ಯಾಕೆ?"

ಬೈರಣ್ಣ ಹೇಳಿದ. ಉಸಲಿಯಿಂದ ಹಿಡಿದು ಕರಿ ಕೋಟಿನವರೆಗೆ ಎಲ್ಲವನ್ನೂ ಹೇಳಿದ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿದ ಮೊದಲ ಮನುಷ್ಯ ಆ ಡಾಕ್ಟರು. ಅವರು ಮೊದಲು ಮೀಸೆಯೊಳಗೆ ನಕ್ಕರು, ಆಮೇಲೆ ಮೇಜು ಹಿಡಿದುಕೊಂಡು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡು ಗಂಭೀರರಾದರು.

"ನೋಡು ತಮ್ಮ, ಎದೆ ಇಲ್ದಿದ್ರೂ ಇದೆ ಅಂತ ತೋರ್ಸೋರನ್ನ ದಿನಾ ನೋಡ್ತೀನಿ. ಇದ್ದಿದ್ದನ್ನ ಬಚ್ಚಿಟ್ಟೋನು ನೀನೇ ಮೊದಲು. ಇಲ್ಲಿ ಸೇರಿದ್ಮೇಲೆ ತಮಾಷೆ ಅಲ್ಲ. ಚಳಿ, ಗುಂಡು, ಸಾವು, ಎಲ್ಲಾ ಇದೆ. ಅಪ್ಪ ಹೆಂಗಿದ್ರೂ ಕೋಳಿ ಹಾಕ್ಸ್ತೀನಿ ಅಂದಿದ್ದಾರೆ. ಮನೆಗೆ ಹೋದ್ರೆ ಯಾರೂ ನಿನ್ನ ಬೈಯಲ್ಲ. ಯೋಚ್ನೆ ಮಾಡಿದ್ದೀಯಾ?"

"ಅದಕ್ಕೇ ಸಾರ್," ಎಂದ ಬೈರಣ್ಣ. "ಎತ್ತದೇ ಇರೋ ಕೈಗೆ ನಮ್ಮಪ್ಪ ಕೋಳಿ ಕುಯ್ದ್ರೆ ನಂಗೆ ಗಂಟ್ಲಲ್ಲಿ ಇಳಿಯಲ್ಲ. ಈಗ ಎತ್ತುತಾ ಇದ್ದೀನಿ. ಇದು ನಂದೇ."

ಡಾಕ್ಟರು ಟೇಪು ಹಾಕಿದರು. ಬೈರಣ್ಣ ಕಣ್ಣು ಮುಚ್ಚಿ ಉಸಿರೆಳೆದ. ದಂಡಿನ ಮೈದಾನದ ಗಾಳಿಯೆಲ್ಲ ಖಾಲಿಯಾಯಿತೇನೋ ಎನ್ನುವಂತೆ ಎಳೆದ. ಬಿಚ್ಚುವುದನ್ನು ಮರೆತಿದ್ದ ಅಂಗಿಯ ಎರಡು ಗುಂಡಿ ಪಟಪಟನೆ ಹಾರಿದವು. ಒಂದು ಹೋಗಿ ಸಿಪಾಯಿಯ ಹಣೆಗೆ ಬಡಿಯಿತು. "ಸಾಕು ಸಾಕು, ಉಸಿರು ಬಿಡೋ!" ಎಂದು ಡಾಕ್ಟರು ಕೂಗಿ, ಮೊದಲು ಬರೆದಿದ್ದನ್ನು ಹೊಡೆದುಹಾಕಿದರು.

ಹೊರಡುವ ದಿನ ಯಡಿಯೂರಿಗೆ ಯಡಿಯೂರೇ ನೆರೆದಿತ್ತು. ಓಲಗ, ಆರತಿ, ಜಯಕಾರ. ಹಿಮಾಲಯದ ಚಳಿಗೆಂದು ಮೂರು ಕಂಬಳಿ, ನಾರಾಯಣಮ್ಮ ಕೈಯಾರೆ ಹೆಣೆದ ಎರಡು ಉಣ್ಣೆ ಟೋಪಿ, ಹೆಡ್‌ಮಾಸ್ಟರು ಕೊಟ್ಟ ಮಫ್ಲರು. ಮರಿಯಮ್ಮ ಕಟ್ಟಿದ ಚಕ್ಕುಲಿ ಡಬ್ಬ ಮಗನಿಗಿಂತ ಭಾರ. ಎಲ್ಲ ಮುಗಿದ ಮೇಲೆ ಹವಾಲ್ದಾರರು ಕೊಂಬು ಊದುವವನ ಹಾಗೆ ಗಂಟಲು ಸರಿಮಾಡಿಕೊಂಡು, ಸರ್ಕಾರದ ಇಂಗ್ಲಿಷ್ ಕಾಗದವನ್ನು ಬಿಚ್ಚಿ, "ನಮ್ಮ ವೀರ ಈಗ ಹೊರಟಿರೋದು ಎಲ್ಲಿಗೆ ಅಂದ್ರೆ..." ಎಂದು ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಂದು ಸಲ ಓದಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು: "ಹಲಸೂರು."

ಓಲಗ ನಿಂತಿತು.

"ಹಲಸೂರೂಂದ್ರೆ ನಮ್ಮ ಹಲಸೂರಾ?" ಎಂದಳು ನಾರಾಯಣಮ್ಮ, ಆರತಿ ತಟ್ಟೆ ಹಿಡಿದುಕೊಂಡೇ. "ಅಲ್ಲಿ ನಮ್ಮ ದೊಡ್ಡತ್ತೆ ಮಗಳ ಮನೆ ಐತೆ. ಮೊನ್ನೆ ಓಗಿ ಸಾಯಂಕಾಲಕ್ಕೆ ಬಂದೆ."

ಊರಿನ ಮಾನ ಕೂದಲೆಳೆಯಲ್ಲಿ ತೂಗಾಡಿತು. ಕಾಪಾಡಿದವರು ಜಯದೇವಪ್ಪನವರು. "ಮಹಾಜನರೇ! ತರಬೇತಿ ಅಲ್ಲಿ! ಗಂಗೆ ಸಮುದ್ರ ಸೇರಬೇಕಾದರೂ ಮೊದಲು ಗುಡ್ಡ ಇಳಿಯಬೇಕು. ನಮ್ಮ ಬೈರಣ್ಣನ ಹಿಮಾಲಯ ಹಲಸೂರಿನಿಂದ ಆರಂಭವಾಗುತ್ತದೆ. ಊದ್ರಯ್ಯಾ!" ಎಂದರು. ಓಲಗ ಮತ್ತೆ ಶುರುವಾಯಿತು. ರೈಲ್ವೆ ಸ್ಟೇಷನ್ನಿಗೆ ಹೋಗಬೇಕಾದ ಮೆರವಣಿಗೆ ಅರ್ಧ ದಾರಿಯಲ್ಲಿ ತಿರುಗಿ ಬಸ್ ಸ್ಟಾಪಿಗೆ ಹೋಯಿತು.

"ಈ ಕಂಬಳಿಗೆಲ್ಲ ಲಗೇಜು ಟಿಕೆಟ್ ಆಗುತ್ತೆ ಕಣ್ರಿ," ಎಂದ ಕಂಡಕ್ಟರು.

"ಏನಂದಿ? ದೇಶ ಕಾಯಕ್ಕೆ ಓಗೋನಿಗೆ ಲಗೇಜಾ?" ಎಂದು ನೂರು ಜನ ಒಟ್ಟಿಗೆ ಮೈಮೇಲೆ ಬಿದ್ದರು. ಕಂಡಕ್ಟರು ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿ, ಬೈರಣ್ಣನನ್ನು ಕೂರಿಸಿ, ಕಂಬಳಿಗೂ ಒಂದು ಸೀಟು ಕೊಟ್ಟು, "ಮಾರ್ಕೆಟ್ಟಲ್ಲಿ ಇಳ್ದು ಇನ್ನೊಂದು ಬಸ್ ಹಿಡೀಬೇಕು ಸಾರ್," ಎಂದ. ಬೈರಣ್ಣನನ್ನು ಲೋಕದಲ್ಲಿ ಒಬ್ಬರು ಸಾರ್ ಎಂದದ್ದು ಅಂದೇ ಮೊದಲು. ಮೆರವಣಿಗೆಯ ಜನದ ನಡುವೆ ಬಸ್ಸು ತೆವಳುತ್ತಾ ಹೊರಟಾಗ ಚಿಕ್ಕಬೈರಪ್ಪ ಕಿಟಕಿಯ ಪಕ್ಕದಲ್ಲೇ ಸೌತ್ ಎಂಡ್ ಸರ್ಕಲ್ಲಿನವರೆಗೂ ನಡೆದ.

ಹಲಸೂರು ಹತ್ತಿರವೇ ಇದ್ದರೂ ತರಬೇತಿ ಮಾತ್ರ ಹತ್ತಿರದ್ದಾಗಿರಲಿಲ್ಲ. ಓಡಿಸಿದರು, ಅಗೆಸಿದರು, ಸೇತುವೆ ಕಟ್ಟಿಸಿದರು, ಕಟ್ಟಿದ್ದನ್ನು ಬಿಚ್ಚಿಸಿದರು. ಬಲಕ್ಕೆ ಎಂದರೆ ಎಡಕ್ಕೆ ತಿರುಗಿದ ತಪ್ಪಿಗೆ ಬೈರಣ್ಣ ತಲೆಯ ಮೇಲೆ ಬಂದೂಕು ಹಿಡಿದು ಮೈದಾನ ಸುತ್ತಿದ್ದು ಎಷ್ಟು ಸಲವೋ. ರಾತ್ರಿ ಕಾಲು ಒತ್ತಿಕೊಳ್ಳುತ್ತಾ ಎರಡು ಸಲ ಅತ್ತದ್ದೂ ಉಂಟು. ಆದರೆ ಬಿಟ್ಟು ಬರಲಿಲ್ಲ. ಒಂದು ತಿಂಗಳಾದ ಮೇಲೆ ಬಲ ಬಲವಾಯಿತು, ಎಡ ಎಡವಾಯಿತು. ಮೂರು ತಿಂಗಳಾದ ಮೇಲೆ, ಹಗ್ಗದ ಸೇತುವೆಯ ಮೇಲೆ ಹೆದರಿ ಕೂತ ಇನ್ನೊಬ್ಬನನ್ನು ಬೆನ್ನಿಗೆ ಹಾಕಿಕೊಂಡು ಈಚೆ ದಡಕ್ಕೆ ತಂದ. ತರಬೇತಿ ಕೊಡುತ್ತಿದ್ದ ಸುಬೇದಾರರು ನೋಡಿದರು. ಒಂದು ಸಲ ತಲೆಯಾಡಿಸಿದರು. ಸುಬೇದಾರರ ತಲೆ ಹಾಗೆ ಆಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಯೂನಿಫಾರಂ ತೊಟ್ಟು ಮನೆಗೆ ಹೋಗಿಬರಲು ಅಪ್ಪಣೆಯಾಯಿತು. ಬೈರಣ್ಣ ಬೆಳಗ್ಗೆ ಒಂಬತ್ತಕ್ಕೆ ಸೌತ್ ಎಂಡ್ ಸರ್ಕಲ್ಲಿನಲ್ಲಿ ಬಸ್ಸಿಳಿದ. ಅಪ್ಪ ಅಲ್ಲೇ ನಿಂತಿದ್ದ. ಏಳಕ್ಕೇ ಬಂದು ನಿಂತಿದ್ದನೆಂದು ಹೂವಿನ ಅಂಗಡಿಯವಳು ಆಮೇಲೆ ಹೇಳಿದಳು.

ಚಿಕ್ಕಬೈರಪ್ಪ ಮಗನನ್ನು ಬೂಟಿನಿಂದ ಟೋಪಿಯವರೆಗೆ ಒಂದು ಸಲ ನೋಡಿದ. "ಸೊರಗಿದ್ದೀಯ," ಎಂದ. ಮಗನ ಕೈಚೀಲವನ್ನು ತಾನೇ ಇಸಿದುಕೊಂಡು ಮುಂದೆ ನಡೆದ.

ಅಲ್ಲಿಂದ ಮನೆಗೆ ನೆಟ್ಟಗೆ ಹತ್ತು ನಿಮಿಷದ ದಾರಿ. ಚಿಕ್ಕಬೈರಪ್ಪ ನೆಟ್ಟಗಿನ ದಾರಿ ಬಿಟ್ಟು ಎಡಕ್ಕೆ ತಿರುಗಿದ. ಜಯನಗರದ ಮೂರನೇ ಬ್ಲಾಕಿನ ರಸ್ತೆಗಳನ್ನು ಒಂದೊಂದಾಗಿ ಹಾದ. ಗಿರಿಜಾದೇವಿಯವರ ಮನೆಯ ಮುಂದೆ ಕಾಲಿಗೆ ಏನೋ ಚುಚ್ಚಿತೆಂದು ಅವರು ಹೊರಗೆ ಬರುವ ತನಕ ನಿಂತ. ನಾಲ್ಕನೇ ಬ್ಲಾಕಿಗೆ ಹೋಗಿ, ಅಲ್ಲಿ ಕೆಲಸವೇನೂ ಇಲ್ಲದೆ ತಿರುಗಿ ಬಂದ. ಕ್ಷೌರದಂಗಡಿಯ ಮುಂದೆ ಕೆಮ್ಮಿದ. ಶಾಲೆಯ ಮುಂದೆ ಇನ್ನೂ ಜೋರಾಗಿ ಕೆಮ್ಮಿದ. ಕೆರೆಯ ಏರಿಯ ಮೇಲೆ, ಬಟ್ಟೆ ಒಗೆಯುವವರೆಲ್ಲ ತಲೆಯೆತ್ತುವಷ್ಟು ನಿಧಾನವಾಗಿ ನಡೆದ. ಯಾರಾದರೂ "ಯಾರಣ್ಣ ಇದು?" ಎಂದು ಕೇಳಿದರೆ, "ನನ್ ಮಗ" ಎಂದು ಎರಡೇ ಮಾತು ಹೇಳಿ, ಅವರಿಗೆ ನೋಡಲು ಸಾಕಷ್ಟು ಸಮಯ ಕೊಟ್ಟು ಮುಂದೆ ಹೋಗುತ್ತಿದ್ದ.

ನಡೆಯತೊಡಗಿ ಒಂದೂವರೆ ಗಂಟೆಯಾಗಿತ್ತು. ಬೂಟಿನೊಳಗೆ ಬೈರಣ್ಣನ ಕಾಲು ಬೆಂದುಹೋಗಿತ್ತು.

"ಅಪ್ಪ, ಆ ಕಡೆ ದಾರೀಲೇ ಓಗಿದ್ರೆ ಇಷ್ಟೊತ್ತಿಗೆ ಮನೆ ಸೇರ್ಬೋದಿತ್ತಲ್ಲ?"

ಚಿಕ್ಕಬೈರಪ್ಪ ತಿರುಗಿ ನೋಡಲಿಲ್ಲ. "ಆ ದಾರೀಲಿ ಕೆಸರು ಕಣ್ಲಾ," ಎಂದ. "ನಿನ್ ಬೂಟು ಹಾಳಾಯ್ತದೆ."

ಯಡಿಯೂರಿನಲ್ಲಿ ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಬೈರಣ್ಣ ಅದನ್ನು ಹೇಳಹೋಗಲಿಲ್ಲ. ಟೋಪಿ ಸರಿಮಾಡಿಕೊಂಡು, ಎದೆ ನೆಟ್ಟಗೆ ಮಾಡಿ, "ಅಂಗಾದ್ರೆ ಇನ್ನೊಂದ್ ಸುತ್ತು ಹನುಮಂತನಗರದ ಮೇಲಾಸಿ ಓಗಾನ ನಡಿಯಪ್ಪ," ಎಂದ.